ಕುಳಗಿಗೆ ಹೋದ ಎರಡು ಬೆರಳು

ಅಂಗನವಾಡಿ ಟೀಚರ್ ಯಲ್ಲವ್ವ ಅಂಜುವ ಪೈಕಿ ಅಲ್ಲ. ಪಗಾರ ಹೆಚ್ಚಿಸಿರಿ ಅಂತ ಬೆಂಗಳೂರಿನಲ್ಲಿ ಡಾಂಬರಿನ ಮೇಲೆ ಮೂರು ದಿನ ಕೂತು, ಮಳೆ ಬಂದಾಗ ಬ್ಯಾನರನ್ನೇ ಹೊದ್ದುಕೊಂಡು, ಪೊಲೀಸ್ ವ್ಯಾನಿನೊಳಗೆ ಚುರುಮುರಿ ಹಂಚಿಕೊಂಡು ತಿಂದು ಬಂದವಳು. ಅಂಥ ಹೆಂಗಸಿನ ಹೊಟ್ಟೆಗೆ ಬೆಂಕಿ ಹಾಕಿದ್ದು ಯಾವ ಸಾಹೇಬನೂ ಅಲ್ಲ, ಯಾವ ಸರ್ಕಾರವೂ ಅಲ್ಲ. ದಾಂಡೇಲಿಯ ಡಿಪೋ ಓಣಿಯಲ್ಲಿ, ಆಕೆಯ ಅಂಗನವಾಡಿಯಿಂದ ನಾಲ್ಕು ಮನೆ ಆಚೆ, ಕಟ್ಟೆಯ ಮೇಲೆ ಕೂಡುವ ಒಬ್ಬ ಮುದುಕನ ಅರೆಬರೆ ಕೈ.

ಯಲ್ಲವ್ವ ಹುಟ್ಟಿದ್ದು ಹಳಿಯಾಳದ ಕಡೆಯ ಹಳ್ಳಿಯಲ್ಲಿ, ಕಬ್ಬು ಕಡಿಯುವವರ ಮನೆಯಲ್ಲಿ. ಅಪ್ಪ ಅವ್ವ ಕಬ್ಬಿನೊಳಗೆ ಇಳಿದರೆ ಬದುವಿನ ಮೇಲೆ ತಮ್ಮ ತಂಗಿಯರನ್ನು ಕಾಯುವುದು ಆಕೆಯ ಪಾಲಿನ ಕೆಲಸ. ಆಟದ ಸಾಮಾನು ಅಂತ ಏನೂ ಇರಲಿಲ್ಲ, ಎರಡು ಕೈ ಇದ್ದವು. ಹತ್ತು ವರ್ಷದವಳಿದ್ದಾಗ ಕಣ್ಣೆದುರಿಗೆ ಕಂಡದ್ದನ್ನೇ ಬೆರಳಿಗೆ ಹಚ್ಚಿ ಹಾಡು ಕಟ್ಟಿದಳು. ಒಂದೊಂದು ಬೆರಳು ಹಿಡಿದು ಒಂದೊಂದು ಸಾಲು.

ಹೆಬ್ಬಟ್ಟಪ್ಪ ಕಬ್ಬು ಕಡದ
ತೋರಬಟ್ಟಪ್ಪ ಹೊರಿ ಕಟ್ಟಿದ
ನಡುಬಟ್ಟಪ್ಪ ಗಾಡಿ ಹೇರಿದ
ಉಂಗುರಬಟ್ಟಪ್ಪ ಎತ್ತು ಹೊಡದ
ಕಿರಬಟ್ಟ ಕುಂತಲ್ಲೆ ತಿಂದ

ತಿಂದ ಅನ್ನುವಾಗ ಕೂಸಿನ ಕಿರುಬೆರಳು ಹಿಡಿದು ಅಲುಗಾಡಿಸಬೇಕು, ಅದು ಕಿಲಕಿಲ ನಗಬೇಕು. ಮದುವೆಯಾಗಿ ದಾಂಡೇಲಿಗೆ ಬಂದಳು. ಗಂಡ ಲಾರಿಗೆ ಕಟ್ಟಿಗೆ ಹೇರುವವನು, ಕುಡಿದು ಕುಡಿದು ಸತ್ತ. ಅದರ ಬಗ್ಗೆ ಆಕೆ ಇಷ್ಟಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತನೇ ಇಯತ್ತೆ ಪಾಸು ಮಾಡಿ ಅಂಗನವಾಡಿ ಹಿಡಿದಳು. ಆ ಮಗಳೂ ಈಗ ಮುಂಡಗೋಡದ ಪಾಳಾದಲ್ಲಿ ಸಂಸಾರ ಹೂಡಿದ್ದಾಳೆ. ಇಪ್ಪತ್ತು ವರ್ಷದಲ್ಲಿ ಓಣಿಯ ಅರ್ಧ ಮಂದಿ ಆಕೆಯ ಕಬ್ಬಿನ ಹಾಡು ಹಾಡಿ ದೊಡ್ಡವರಾದರು. ಬೆಂಗಳೂರಿನ ಧರಣಿಯಲ್ಲಂತೂ ಸಾವಿರ ಹೆಂಗಸರು ಐದು ಬೆರಳು ಮೇಲೆತ್ತಿ, ಕೊನೆಯ ಸಾಲು ಬಂದಾಗ ಕಿರುಬೆರಳನ್ನು ಸರ್ಕಾರದ ಕಟ್ಟಡದ ಕಡೆ ಅಲುಗಾಡಿಸಿ ಕೂಗಿದ್ದರು. ಪಗಾರ ಹೆಚ್ಚಾಗಲಿಲ್ಲ ಅನ್ನುವುದು ಬೇರೆ ಮಾತು. ಹಾಡು ಮಾತ್ರ ತನ್ನದು, ಅದರಲ್ಲಿ ತನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿಲ್ಲ ಅಂತ ಯಲ್ಲವ್ವ ಎದೆ ಮುಂದೆ ಮಾಡಿಕೊಂಡೇ ಓಡಾಡುತ್ತಿದ್ದಳು.

ಅಷ್ಟರಲ್ಲಿ ಶೌಕತ ಚಾಚಾ ಕಟ್ಟೆಗೆ ಬಂದು ಕೂತ.

ಶೌಕತ ಮೊದಲು ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿದ್ದವನು. ನಲವತ್ತರ ಪ್ರಾಯದಲ್ಲಿ ಗರಗಸದ ಪಟ್ಟಿ ಅವನ ಬಲಗೈಯ ಉಂಗುರ ಬೆರಳನ್ನೂ ಕಿರುಬೆರಳನ್ನೂ ಬುಡಸಮೇತ ಒಯ್ದಿತ್ತು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಮಗ ಆಕಿಬ ಮೋಟರ್‌ಸೈಕಲ್ ರಿಪೇರಿಯ ಗ್ಯಾರೇಜು ಹಾಕಿದ ಮೇಲೆ, ಅದರ ಮುಂದಿನ ಕಟ್ಟೆ ಮುದುಕನದಾಯಿತು. ಆಕಿಬನ ಮಗಳು ಆಲಿಯಾಳಿಗೆ ಮೂರೂವರೆ ವರ್ಷ. ಅಂಗನವಾಡಿಯಲ್ಲಿ ಆರು ತಿಂಗಳಿಂದ ಒಂದು ಮಾತು ಆಡಿರಲಿಲ್ಲ. ಯಲ್ಲವ್ವ ಐದೂ ಬೆರಳು ಹಿಡಿದು ಹಾಡಿದರೂ ಗೋಡೆ ನೋಡುತ್ತ ಕೂಡುವ ಹುಡುಗಿ. ಅದೇ ಹುಡುಗಿ ಒಂದು ಮುಂಜಾನೆ ಅಜ್ಜನ ಮುಂದೆ ನಿಂತು ದಾದಾ ದಾದಾ ಅನ್ನುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಲ್ಲವ್ವ ಕೇಂದ್ರದ ಬೀಗ ತೆಗೆಯಲು ಹೊರಟವಳು ಅಲ್ಲೇ ನಿಂತಳು.

ಮುದುಕ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಹಾಡುತ್ತಿದ್ದ.

ಐದು ಮಂದಿ ಕಟಗೀಗೆ ಹ್ವಾದ್ರು
ಅಡವ್ಯಾಗ ಏನೋ ಸಪ್ಪಳ ಕೇಳಿದ್ರು
ಮೂರು ಮಂದಿ ಮನಿಗೆ ಬಂದ್ರು
ಇನ್ನಿಬ್ರೆಲ್ಲಿ, ಇನ್ನಿಬ್ರೆಲ್ಲಿ?

ಅಂತ ಕೈ ತೆಗೆದ. ಮೂರೇ ಬೆರಳು. ಆಲಿಯಾ ಅವನ ಅಂಗಿಯ ತೋಳಿನಲ್ಲಿ, ಕಿಸೆಯಲ್ಲಿ, ಟೋಪಿಯೊಳಗೆ ಎಲ್ಲ ಹುಡುಕಿದಳು. ಅಡವ್ಯಾಗಿನ ಕುಳಗಿಗೆ ಹೋಗ್ಯಾವು, ನಾಳೆ ಬರ್ತಾವು ಅಂದ ಮುದುಕ.

ಮರುದಿನ ನಾಲ್ಕು ಹುಡುಗರು. ಬೆರಳು ಬಂದಾವೇನು ಅಂತ ಕೇಳಲು ಬಂದವರು. ಬಂದಿಲ್ಲ, ಕುಳಗಿ ಗೇಟಿನ ಹತ್ತಿರ ಫಾರೆಸ್ಟಿನವರು ಹಿಡಿದು ಕೂರಿಸಿದ್ದಾರೆ ಅಂದ. ಅದರ ಮರುದಿನ ಎಂಟು ಹುಡುಗರು. ಗೇಟು ಬಿಟ್ಟರಂತೆ, ಆದರೆ ಬಸ್ಸು ತಪ್ಪಿತಂತೆ. ಆಮೇಲೆ ನೇರಳೆ ಹಣ್ಣು ತಿನ್ನುತ್ತ ಕೂತವಂತೆ, ಕರಡಿ ಅಡ್ಡ ಬಂತಂತೆ. ದಿನಾ ಒಂದು ನೆಪ. ಯಲ್ಲವ್ವನ ಹಾಡು ಕಿರಬಟ್ಟ ತಿಂದರೆ ಮುಗಿಯಿತು. ಈ ಮುದುಕನದು ಮುಗಿಯುವ ಹಾಡೇ ಅಲ್ಲ. ಒಂಬತ್ತೂವರೆಗೆ ಕೇಂದ್ರದಲ್ಲಿ ಇರಬೇಕಾದ ಇಪ್ಪತ್ತೆರಡು ಮಕ್ಕಳಲ್ಲಿ ಹದಿನೆಂಟು ಕಟ್ಟೆಯ ಸುತ್ತ ಇರುತ್ತಿದ್ದವು.

ಕರೆದುಕೊಂಡು ಬಾ ಅಂತ ಸಹಾಯಕಿ ಗೀತಾಬಾಯಿಯನ್ನು ಕಳಿಸಿದಳು. ಅರ್ಧ ತಾಸಾದರೂ ಸುದ್ದಿಯಿಲ್ಲ. ಹೋಗಿ ನೋಡಿದರೆ ಗೀತಾಬಾಯಿಯೂ ಸೆರಗು ಸುತ್ತಿಕೊಂಡು ನೆಲದ ಮೇಲೆ ಕೂತು ಕರಡಿಯ ಕತೆ ಕೇಳುತ್ತಿದ್ದಳು.

ಯಲ್ಲವ್ವ ಸುಮ್ಮನಿರುವ ಜಾತಿಯಲ್ಲ. ಹಳೆಯ ಬ್ಲೌಸ್ ಪೀಸು ಕತ್ತರಿಸಿ ಬೆರಳಿಗೆ ಬಣ್ಣಬಣ್ಣದ ಕುಲಾವಿ ಹೊಲಿದಳು. ಹೆಬ್ಬಟ್ಟಪ್ಪನಿಗೆ ಕೆಂಪು ರುಮಾಲು, ಕಿರಬಟ್ಟನಿಗೆ ಜರಿ ಟೋಪಿ. ಹುಡುಗರು ಒಂದು ದಿನ ನೋಡಿದರು. ಎರಡನೆಯ ದಿನ ಅದೇ ಓಣಿಯ ತುಳಜಾಳ ಮಗಳು ಕಾಜಲ್ ಮೂರು ಕುಲಾವಿ ಹಾಕಿಕೊಂಡು, ಎರಡು ಬೆರಳು ಮಡಚಿ, ಉಳಿದ ಎರಡು ಟೋಪಿಗಳನ್ನು ಕಿಟಕಿಯಿಂದ ಹೊರಗೆ ಒಗೆದಳು. ಯಾಕ ಅಂದರೆ, ಕುಳಗಿಗೆ ಹ್ವಾದು ಅಂದಳು.

ಆ ಮಾತು ಓಣಿಗೇ ಅಂಟಿಕೊಂಡಿತು. ಸಕ್ಕರೆ ತೀರಿದರೆ ಕುಳಗಿಗೆ ಹೋಗೇತಿ, ನಳದ ನೀರು ಬರದಿದ್ದರೆ ಕುಳಗಿಗೆ ಹೋಗೇತಿ. ಗೀತಾಬಾಯಿಯಂತೂ ಸೌಟು ಸಿಗದಿದ್ದಾಗ ಇದನ್ನೇ ಅನ್ನುತ್ತ ಓರೆಗಣ್ಣಿನಲ್ಲಿ ಯಲ್ಲವ್ವನನ್ನು ನೋಡುತ್ತಿದ್ದಳು. ಒಂದು ದಿನ ಅಕ್ಕಿ ಆರಿಸುತ್ತ ಕೂತಲ್ಲಿಂದಲೇ ಚುಚ್ಚಿದಳು.

“ನಿಮ್ಮವು ಐದೂ ಬಟ್ಟು ಇಲ್ಲೇ ಅದಾವಲ್ರಿ ಟೀಚರ್, ಅದಕ್ಕ ಯಾರೂ ಹುಡುಕವಲ್ರು.”

ಯಲ್ಲವ್ವ ಅವತ್ತು ತಾಟಿನಲ್ಲಿ ಅರ್ಧ ಅನ್ನ ಬಿಟ್ಟು ಎದ್ದಳು. ಬೆರಳು ಕಳೆದುಕೊಂಡವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಅನ್ನುವುದು ಆಕೆಗೆ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಕಿಚ್ಚು ಆರುತ್ತದೆಯೇ? ಕೇಂದ್ರದ ಹಿಂದಿನ ಬಾಗಿಲಲ್ಲಿ ನಿಂತರೆ ಕಟ್ಟೆಯ ನಗು ಕೇಳುತ್ತದೆ ಅಂತ ಬೇಕಂತಲೇ ಅಲ್ಲಿ ಹೋಗಿ ನಿಲ್ಲುತ್ತಿದ್ದಳು. ಆ ನಗುವಿನಲ್ಲಿ ಆಲಿಯಾಳದು ಯಾವುದು, ಕಾಜಲ್‌ಳದು ಯಾವುದು ಅಂತ ಬೇರೆ ಮಾಡಿ ಕೇಳುತ್ತಿದ್ದಳು.

ಅದೇ ತಿಂಗಳು ಮೀಟಿಂಗಿನಲ್ಲಿ ಸೂಪರ್‌ವೈಸರ್ ಮೇಡಮ್ಮು ಒಂದು ಸುದ್ದಿ ಹೇಳಿದರು. ಕೈಬೆರಳಿನ ಹಾಡು, ಕೈಯಾಟಗಳನ್ನು ಮೊಬೈಲಿನಲ್ಲಿ ಹಿಡಿದು ಜಿಲ್ಲೆಯ ಎಲ್ಲ ಅಂಗನವಾಡಿಗಳಿಗೆ ತೋರಿಸುತ್ತಾರೆ. ಈ ಭಾಗದಿಂದ ಒಂದೇ ಕೇಂದ್ರ. ಟೀಚರ್ ಹೆಸರು ಹಾಕುತ್ತಾರೆ. ದಾಂಡೇಲಿಯಲ್ಲಿ ಯಲ್ಲವ್ವನ ಕೇಂದ್ರ ನೋಡುತ್ತೇನೆ, ಸರಿಹೋಗದಿದ್ದರೆ ಹಳಿಯಾಳದ ಇನ್ನೊಂದು ಕೇಂದ್ರವಿದೆ ಅಂದರು.

ಯಲ್ಲವ್ವನ ಹೆಸರು ಇಪ್ಪತ್ತು ವರ್ಷದಲ್ಲಿ ಕಾಗದದ ಮೇಲೆ ಬಂದದ್ದು ಎರಡೇ ಕಡೆ. ಒಂದು ಪಗಾರದ ಪಟ್ಟಿ, ಇನ್ನೊಂದು ಮುಷ್ಕರಕ್ಕೆ ಕೊಟ್ಟ ನೋಟೀಸು. ತಾನು ಬದುವಿನ ಮೇಲೆ ಕಟ್ಟಿದ ಹಾಡು ಕಾರವಾರದ ತನಕ ಹೋಗಬೇಕು, ಅದರ ಕೆಳಗೆ ತನ್ನ ಹೆಸರು ಇರಬೇಕು. ಇಷ್ಟು ಬೇಕಿತ್ತು ಆಕೆಗೆ. ಹುಡುಗರು ಕಟ್ಟೆಗೆ ಹೋಗುತ್ತಿದ್ದರೆ ಇದು ಆಗುವ ಮಾತಲ್ಲ.

ಮರುದಿನ ತುಳಜಾ ಮಗಳನ್ನು ಬಿಡಲು ಬಂದಳು. ಗಾರೆ ಕೆಲಸಕ್ಕೆ ಹೋಗುವ ಹೆಂಗಸು, ಅವಸರದಲ್ಲಿದ್ದಳು. ಕಾಜಲ್ ಮತ್ತೆ ಕಟ್ಟೆಯಲ್ಲಿ ನಿಂತಿದ್ದಾಳೆ, ಸ್ವಲ್ಪ ಹೊತ್ತು ಬಿಟ್ಟು ಬರುತ್ತಾಳಂತೆ, ನಡೀತದಲ್ಲ ಅಂತ ಕೇಳಿದಳು. ಸುಮ್ಮನೆ ಕೇಳಿದ ಮಾತು. ನಡೀತದ ಅಂದಿದ್ದರೆ ಹೋಗಿಬಿಡುತ್ತಿದ್ದಳು.

ಯಲ್ಲವ್ವ ದನಿ ತಗ್ಗಿಸಿದಳು.

“ನಾ ಏನೂ ಅನ್ನೂದಿಲ್ಲವಾ. ನಿನ್ನದು ಹೆಣ್ಣುಹುಡುಗಿ. ಅವರು ಬ್ಯಾರೆ ಮಂದಿ. ದಿನಾ ಕೈ ಹಿಡಕೊಂಡು ಕುಂದರ್ತಾನ. ಕಾಲ ಹೆಂಗೈತಿ ಅಂತ ನಿನಗ ಗೊತ್ತೈತೆಲ್ಲ.”

ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚು ಅನ್ನುವ ಅಗತ್ಯ ಈಗಿನ ದಿನದಲ್ಲಿ ಇಲ್ಲ. ಧರಣಿಯಲ್ಲಿ ಮೈಕು ಹಿಡಿದು ಎರಡು ತಾಸು ಕೂಗಿದ್ದು ಯಾರ ಕಿವಿಗೂ ಹೋಗಿರಲಿಲ್ಲ. ಓಣಿಯಲ್ಲಿ ಈ ನಾಲ್ಕು ಮಾತು ಸಂಜೆಯೊಳಗೆ ಎಲ್ಲ ಮನೆ ತಿರುಗಿ ಬಂತು. ತಿರುಗುತ್ತ ತಿರುಗುತ್ತ ಮೈ ಬೆಳೆಸಿಕೊಂಡಿತು. ಮೂರನೆಯ ದಿನ ಓಣಿಯ ನಾಲ್ಕು ಹರೆಯದವರು ಗ್ಯಾರೇಜಿನ ಮುಂದೆ ಬೈಕು ನಿಲ್ಲಿಸಿ, ಚಾಚಾ ನೀವು ಒಳಗ ಕುಂದರ್ರಿ, ಅದ ಚಲೋ ಅಂತ ಹೇಳಿ ಹೋದರು. ಬೈಯಲಿಲ್ಲ, ಹೊಡೆಯಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದು ಎದ್ದು ನಿಂತ ಆಕಿಬನನ್ನು ಮುದುಕನೇ ತಡೆದ. ತಾನೇ ಎದ್ದು ಒಳಗೆ ಹೋದ.

ಯಲ್ಲವ್ವ ಗೆದ್ದಳು. ಒಂಬತ್ತೂವರೆಗೆ ಮಕ್ಕಳೆಲ್ಲ ಚಾಪೆಯ ಮೇಲೆ. ಹಿಂದಿನ ಬಾಗಿಲಲ್ಲಿ ನಿಂತರೆ ಪಂಚರ್ ಹಚ್ಚುವ ಸದ್ದು ಬಿಟ್ಟು ಏನೂ ಕೇಳುವುದಿಲ್ಲ. ಈ ಕೆಲಸ ಮಾಡಿದ್ದು ತನ್ನ ನಾಲಿಗೆ ಅಂತ ಗೊತ್ತಿದ್ದರೂ ಆಕೆ ಆ ನಾಲ್ಕು ದಿನ ಹೊಟ್ಟೆ ತುಂಬ ಉಂಡಳು. ಸುಳ್ಳು ಹೇಳುವುದೇಕೆ?

ಸೂಪರ್‌ವೈಸರ್ ಮೇಡಮ್ಮು ಬಂದರು. ಮಕ್ಕಳ ತೂಕ ನೋಡಿದರು, ರಜಿಸ್ಟರ್ ನೋಡಿದರು. ಆಮೇಲೆ ಚಾಪೆಯ ಮೇಲೆ ಕೂತು ಮೊಬೈಲು ಗೀತಾಬಾಯಿಯ ಕೈಗೆ ಕೊಟ್ಟು, ಹಾಡಿಗೆ ಮೊದಲು ಹಗುರಾಗಿ ಒಂದು ಪ್ರಶ್ನೆ ಕೇಳಿದರು. ಕೈಯಾಗ ಎಷ್ಟು ಬೆರಳು ಅದಾವು?

ಇಪ್ಪತ್ತೊಂದು ಕೈ ಒಮ್ಮೆಲೇ ಮೇಲೆ ಬಂದವು. ಎಲ್ಲ ಕೈಯಲ್ಲೂ ಎರಡು ಬೆರಳು ಮಡಚಿದ್ದವು.

“ಮೂರು.”

ಮೇಡಮ್ಮು ಯಲ್ಲವ್ವನ ಮುಖ ನೋಡಿದರು. ಇನ್ನ ಎರಡು ಎಲ್ಲಿ ಅಂತ ಕೇಳಿದ್ದೇ ತಡ, ಕಾಜಲ್ ಎದ್ದು ನಿಂತು ಕುಳಗಿಯ ಕತೆ ಶುರು ಮಾಡಿದಳು. ಗೇಟು, ಬಸ್ಸು, ಕರಡಿ. ಉಳಿದವರು ನಡುನಡುವೆ ಬಾಯಿ ಹಾಕಿ ತಮ್ಮ ತಮ್ಮ ಕರಡಿ ಸೇರಿಸಿದರು. ಹಾಡಿಗೆ ಬಂದಾಗ ಇನ್ನಿಬ್ರೆಲ್ಲಿ ಅಂತ ಇಡೀ ಕೋಣೆ ಕೂಗಿತು. ಮೇಡಮ್ಮು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಲೆಕ್ಕ ತಪ್ಪಿದ್ದನ್ನು ಆಮೇಲೆ ತಿದ್ದಿರಿ, ಹಾಡು ಮಾತ್ರ ಇದನ್ನೇ ತೆಗಿಯೂಣು ಅಂದರು. ಯಾರು ಕಟ್ಟಿದ್ದಿದು?

ಯಲ್ಲವ್ವನ ಬಾಯಿ ಆಕೆಯ ಅಪ್ಪಣೆ ಕೇಳಲಿಲ್ಲ.

“ನಾನರಿ.”

ಗೀತಾಬಾಯಿ ಮೊಬೈಲು ಹಿಡಿದ ಕೈಯನ್ನು ಇಳಿಸಿ, ಒಂದು ಕ್ಷಣ ನೋಡಿ, ಮತ್ತೆ ಎತ್ತಿದಳು.

ಈಗ ಯಲ್ಲವ್ವ ಹಾಡಬೇಕು. ಬಲಗೈ ಮೇಲೆ ಎಡಗೈ ಮುಚ್ಚಿದಳು, ಹಾಡಿದಳು, ಕೈ ತೆಗೆದಳು. ಉಂಗುರ ಬೆರಳು ನೆಟ್ಟಗೆ ಎದ್ದು ನಿಂತಿತ್ತು. ಇನ್ನೊಮ್ಮೆ. ಕಿರುಬೆರಳನ್ನು ಒತ್ತಿ ಮಡಚಿದರೆ ಉಂಗುರ ಬೆರಳು ಅರ್ಧ ಏಳುತ್ತದೆ, ಅದನ್ನು ಒತ್ತಿದರೆ ನಡುಬೆರಳು ಬಾಗುತ್ತದೆ. ಕಬ್ಬು ಹಿಡಿದು, ಪೊಲೀಸರ ಬೂಟಿನಡಿ ಸಿಕ್ಕು, ಇಪ್ಪತ್ತು ವರ್ಷ ಮಕ್ಕಳನ್ನು ಎತ್ತಿದ ಗಟ್ಟಿ ಬೆರಳುಗಳು. ಎಲ್ಲಿಗೂ ಹೋಗಲು ಒಲ್ಲೆ ಅನ್ನುತ್ತಿದ್ದವು. ಮೂರನೆಯ ಸಲ ಕಾಜಲ್ ಬಂದು ತನ್ನ ಪುಟ್ಟ ಕೈಯಿಂದ ಆಕೆಯ ಬೆರಳನ್ನು ಒತ್ತಿ ಹಿಡಿದುಕೊಂಡಳು. ಕಾಣಾಕತ್ತೈತಿ ಟೀಚರ್, ಕಾಣಾಕತ್ತೈತಿ ಅಂತ ಹುಡುಗರು ನಗತೊಡಗಿದರು.

ಆಗ ಗೋಡೆಯ ಕಡೆಯಿಂದ, ಇಲ್ಲಿಯ ತನಕ ಆ ಕೋಣೆಯಲ್ಲಿ ಯಾರೂ ಕೇಳಿರದ ಒಂದು ದನಿ ಬಂತು. ಆಲಿಯಾ.

“ಅದು ನಮ್ಮ ದಾದಾನ ಹಾಡು. ದಾದಾನ್ನ ಒಳಗ ಕುಂದ್ರಿಸ್ಯಾರ. ಅದಕ್ಕ ಬಟ್ಟು ಬರವಲ್ಲವು.”

ಯಾಕ ಕುಂದ್ರಿಸ್ಯಾರ ಅಂತ ಮೇಡಮ್ಮು ಕೇಳಿದರು. ಗೀತಾಬಾಯಿ ಮೊಬೈಲು ವಾಪಸು ಕೊಟ್ಟು ಸಾರು ತಿರುವಲು ಹೋದಳು. ಮೇಡಮ್ಮು ಹೆಚ್ಚು ಕೆದಕಲಿಲ್ಲ. ಸೋಮವಾರ ಮತ್ತೆ ಬರುತ್ತೇನೆ, ಆ ಅಜ್ಜನನ್ನು ಕರೆದು ಜೊತೆಗೆ ಕೂರಿಸಿಕೊಳ್ಳಿರಿ, ಇಲ್ಲದಿದ್ದರೆ ಹಳಿಯಾಳಕ್ಕೆ ಹೋಗುತ್ತೇನೆ ಅಂತ ಹೇಳಿ ಚಪ್ಪಲಿ ಮೆಟ್ಟಿದರು.

ಯಲ್ಲವ್ವ ಅವತ್ತೇ ಸಂಜೆ ಶೌಕತನ ಮನೆಗೆ ಹೋದಳು. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇರಲಿಲ್ಲ. ಸೋಮವಾರದ ಮೇಲೆ ಕಣ್ಣಿತ್ತು. ಬಾಗಿಲಿಗೆ ಅಡ್ಡವಾಗಿ ಅವನ ಹೆಂಡತಿ ಹಾಜಿರಾಬಿ ಮೊರದಲ್ಲಿ ಬೇಳೆ ಇಟ್ಟುಕೊಂಡು ಕೂತಿದ್ದಳು. ಏಳಲಿಲ್ಲ, ಸರಿಯಲಿಲ್ಲ.

“ಬರ್ರಿ ಬಾಯಿ. ನಮ್ಮ ಮನ್ಯಾಗೂ ಹೆಣ್ಣುಹುಡುಗಿ ಐತಿ. ಅದನ್ನೂ ಕರಕೊಂಡು ಹೋಗ್ತೀರೇನು, ಮುದುಕನ ಕೈಗೆ ಸಿಗದಂಗ?”

ಓಣಿ ತಿರುಗಿದ ಮಾತು ಎಲ್ಲಿಂದ ಹೊರಟಿತು ಅನ್ನುವುದು ಹಾಜಿರಾಬಿಗೆ ಗೊತ್ತಿತ್ತು. ಯಲ್ಲವ್ವ ಒಂದೆರಡು ಸುಳ್ಳು ಬಾಯಿಗೆ ತಂದುಕೊಂಡಳು, ನುಂಗಿದಳು. ಪೊಲೀಸರ ಮುಂದೆಯೂ ತಗ್ಗದ ತಲೆ ಬೇಳೆಯ ಮೊರ ನೋಡುತ್ತ ನಿಂತಿತು.

“ಹೊಟ್ಟಿಕಿಚ್ಚು ಬಂದಿತ್ತು ಚಾಚಿ. ಹುಡುಗ್ರು ನನ್ನ ಕಡೆ ಬರೂದ ಬಿಟ್ಟಿದ್ರು.”

ಒಳಗೆ ಮಂಚದ ಮೇಲಿದ್ದ ಶೌಕತ ಕೆಮ್ಮಿದ. ನಗುತ್ತಿದ್ದನೋ ಕೆಮ್ಮುತ್ತಿದ್ದನೋ ತಿಳಿಯಲಿಲ್ಲ. ಎದ್ದು ಹೊರಗೆ ಬಂದು ಹೊಸ್ತಿಲ ಮೇಲೆ ಕೂತು ತನ್ನ ಬಲಗೈಯನ್ನು ಆಕೆಯ ಮುಂದೆ ಚಾಚಿದ. ಹತ್ತಿರದಿಂದ ಯಲ್ಲವ್ವ ಅದನ್ನು ನೋಡಿದ್ದು ಅದೇ ಮೊದಲು. ಎರಡು ಬೆರಳಿದ್ದ ಜಾಗದಲ್ಲಿ ಚರ್ಮ ಗಂಟು ಹಾಕಿಕೊಂಡಿತ್ತು.

ಮಗ ಆಕಿಬ ಗ್ಯಾರೇಜು ಹಾಕಿದಾಗಿನಿಂದ ದಿನಾ ನಿನ್ನ ಕಬ್ಬಿನ ಹಾಡು ಕೇಳುತ್ತೇನೆ ಅಂದ ಮುದುಕ. ನಾಲ್ಕು ಮನೆ ಆಚೆಗೂ ಕೇಳುತ್ತದೆ ನಿನ್ನ ದನಿ. ಆಲಿಯಾಳಿಗೆ ಅದನ್ನೇ ಹಾಡಿಸೋಣ ಅಂತ ಕೂತೆ. ಕಡಿದ, ಕಟ್ಟಿದ, ಹೇರಿದ, ಅಲ್ಲಿಗೆ ನಿಂತಿತು. ಎತ್ತು ಹೊಡೆಯುವವನಿಲ್ಲ, ತಿನ್ನುವವನೂ ಇಲ್ಲ. ಹುಡುಗಿ ನನ್ನ ಕೈ ನೋಡಿ ಅತ್ತಿತು. ನಿನ್ನ ಮೇಲೆ ಸಿಟ್ಟು ಬಂತು, ಏನು ಹಾಡು ಕಟ್ಟಿದ್ದಾಳೆ ಇವಳು ಅಂತ.

“ನಿನ್ನ ಹಾಡು ಹಾಡಾಕ ನನ್ನ ಕೈಯಾಗ ಮಂದಿ ಸಾಲಲಿಲ್ಲ ಬಾಯಿ. ಅದಕ್ಕ ನಂದೊಂದು ಮಾಡಕೊಂಡೆ.”

ಯಲ್ಲವ್ವ ಸೋಮವಾರದ ವಿಷಯ ಹೇಳಿದಳು. ಮುದುಕ ಒಲ್ಲೆ ಅಂದ. ನನ್ನ ಕೈ ಮೊಬೈಲಿನಲ್ಲಿ ಕಾರವಾರದವರು ನೋಡುವುದು ಆಮೇಲೆ, ಮೊದಲು ಈ ಓಣಿಯವರು ಕಟ್ಟೆಯ ಮೇಲೆ ನೋಡಲಿ ಅಂದ. ಹಾಜಿರಾಬಿ ಮೊರ ಕೆಳಗಿಟ್ಟಳು.

“ಯಾವ ಬಾಯಿಲೆ ಅಂದ್ರಿ, ಅದ ಬಾಯಿಲೆ ಅಂದಲ್ಲೇ ಹೋಗಿ ಹೇಳಿ ಬರ್ರಿ. ನನಗ ಹೇಳಿ ಏನು ಮಾಡ್ತೀರಿ.”

ಹೊರಗೆ ಬಂದ ಯಲ್ಲವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮುದುಕನಿಗೂ ತನ್ನ ಹಾಡಿನ ಮೇಲೆ ಕಿಚ್ಚು ಬಂದಿತ್ತು, ಅವನು ಕೂತು ಇನ್ನೊಂದು ಹಾಡು ಕಟ್ಟಿದ. ತನಗೆ ಬಂದಾಗ ತಾನು ಕಟ್ಟಿದ್ದೇನು? ಇದರಲ್ಲೂ ಅವನೇ ಮೇಲಾದ ಅನ್ನುವುದು ಆಕೆಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮನೆಯ ಕಡೆ ಹೊರಟವಳು ತಿರುಗಿ ತುಳಜಾಳ ಬಾಗಿಲಿಗೆ ಹೋದಳು. ಧರಣಿಯ ದನಿಯಲ್ಲೇ, ಅಕ್ಕಪಕ್ಕದವರಿಗೂ ಕೇಳುವಂತೆ, ನಾ ಅವತ್ತು ಅಂದದ್ದು ಖರೇ ಅಲ್ಲ, ಚಾಚಾ ಚಲೋ ಮನುಷ್ಯ, ನನಗ ಹೊಟ್ಟಿಕಿಚ್ಚು ಬಂದು ಅಂದೆ ಅಂತ ಹೇಳಿದಳು.

ತುಳಜಾ ಒಲೆಯ ಮುಂದಿನಿಂದ ಎದ್ದು ಬಂದು ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಅವತ್ತು ಸಣ್ಣ ದನಿಲೆ ಅಂದ್ರಿ, ಖರೇ ಅನ್ನಿಸ್ತು. ಇವತ್ತು ಯಾಕ ಒದರಾಕತ್ತೀರಿ ಟೀಚರ್? ಯಾರರ ಹೆದರಿಸ್ಯಾರೇನು?”

ಯಾರೂ ಹೆದರಿಸಿಲ್ಲ ಅಂದರೂ ತುಳಜಾ ನಂಬಲಿಲ್ಲ. ನಂಬದೆ ಇರುವುದನ್ನು ಕಲಿಸಿದವಳು ಎದುರಿಗೇ ನಿಂತಿದ್ದಳು. ಯಲ್ಲವ್ವ ಮುಂದಿನ ಬಾಗಿಲಿಗೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಕೆಲವರು ನೀರು ಕೊಟ್ಟರು, ಕೆಲವರು ಬಾಗಿಲಿಂದಲೇ ಆತು ಆತು ಅಂದರು. ಒಬ್ಬಳು, ನೀವ ಹಿಂಗ ಮಾಡಿದ್ರ ಹುಡುಗ್ರನ್ನ ಯಾರ ಕಡೆ ಬಿಡೂದ್ರಿ ಅಂತ ಮುಖಕ್ಕೆ ಹೊಡೆದಂತೆ ಕೇಳಿದಳು. ಯಲ್ಲವ್ವ ಅದನ್ನೂ ಹೊತ್ತುಕೊಂಡು ಮುಂದೆ ನಡೆದಳು. ಬೈಕಿನ ಹುಡುಗರನ್ನು ಗ್ಯಾರೇಜಿನ ಮುಂದೆಯೇ ಹಿಡಿದು ನಿಲ್ಲಿಸಿ, ಅವರ ಅವ್ವಂದಿರ ಹೆಸರು ಹಿಡಿದು ಮಾತಾಡಿದಳು. ನಾಲ್ವರೂ ಆಕೆಯ ಚಾಪೆಯ ಮೇಲೆ ಮೂತ್ರ ಮಾಡಿ ಬೆಳೆದವರೇ. ತಲೆ ಕೆರೆದುಕೊಂಡು ಹೋದರು.

ಸೋಮವಾರ ಮೇಡಮ್ಮಿಗೆ ತಾನೇ ಫೋನ್ ಮಾಡಿ, ಆ ಹಾಡು ನನ್ನದಲ್ಲ, ನನ್ನದು ಅಂತ ಸುಳ್ಳು ಅಂದೆ, ಅಜ್ಜ ಬರುವುದಿಲ್ಲ ಅಂದಳು. ಮೇಡಮ್ಮು ಆಯ್ತು ಅಂದರು. ಹಳಿಯಾಳದ ಕೇಂದ್ರದಲ್ಲಿ ಚಿತ್ರ ತೆಗೆದರು. ಅಲ್ಲಿಯ ಟೀಚರಿನ ಹೆಸರು ಜಿಲ್ಲೆಯ ತುಂಬ ಹೋಯಿತು. ಯಲ್ಲವ್ವ ಅದನ್ನು ಮೊಬೈಲಿನಲ್ಲಿ ಪೂರ್ತಿ ನೋಡಿ, ದನಿ ಕೀರಲಾತು ಅಂತ ಗೀತಾಬಾಯಿಯ ಮುಂದೆ ತಪ್ಪು ತೆಗೆದಳು.

ಹದಿನೈದು ದಿನದ ಮೇಲೆ ಶೌಕತ ಕಟ್ಟೆಗೆ ಬಂದ. ಮೊದಲಿನ ಹಾಗೆ ಹದಿನೆಂಟು ಹುಡುಗರು ಬರಲಿಲ್ಲ. ಹತ್ತು ಮಂದಿ ಬಂದರು, ಒಂದು ತಿಂಗಳಲ್ಲಿ ಹದಿಮೂರಾದರು. ಕಾಜಲ್‌ಳನ್ನು ತುಳಜಾ ಇನ್ನೂ ಕಳಿಸುವುದಿಲ್ಲ, ಕೈ ಹಿಡಿದು ನೇರ ಕೇಂದ್ರಕ್ಕೆ ತಂದು ಬಿಡುತ್ತಾಳೆ. ಆ ಹುಡುಗಿ ಹಿಂದಿನ ಬಾಗಿಲಲ್ಲಿ ನಿಂತು ಕಿವಿ ಕೊಡುತ್ತದೆ.

ಯಲ್ಲವ್ವನ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಿದರೆ ಇಲ್ಲ. ಆಕೆಯೇ ಹಾಗೆ ಹೇಳುತ್ತಾಳೆ. ದಿನಾ ಒಂಬತ್ತೂವರೆಗೆ ಗ್ಯಾರೇಜಿಗೆ ಬಂದು, ಬಿಚ್ಚಿಟ್ಟ ಬೈಕುಗಳ ನಡುವೆ ನಿಂತು, ಮುದುಕ ಅವತ್ತಿನ ನೆಪ ಹೇಳಿ ಮುಗಿಸುವ ತನಕ ಕಾಯುತ್ತಾಳೆ. ಆಮೇಲೆ ಒಂದು ಚಪ್ಪಾಳೆ ತಟ್ಟಿ ನಡೀರಿ ಅನ್ನುತ್ತಾಳೆ. ಹುಡುಗರು ಏಳುತ್ತಾರೆ. ಕಟ್ಟೆಗೆ ಓಡಿ ಬಂದವರು ಆಕೆಯ ಹಿಂದೆ ನಡೆದು ಬರುತ್ತಾರೆ. ಯಾರೂ ಓಡುವುದಿಲ್ಲ. ಯಲ್ಲವ್ವ ಅದನ್ನು ದಿನಾ ನೋಡುತ್ತಾಳೆ.